ಮದುವೆಗೆ ಬಂದ ನೆಂಟರ ಬಿಡುವಿನ ದಿನ

ಕ್ರಿಸ್ತಜಯಂತಿಯ ಮರುದಿನದಿಂದ ಜನವರಿ ಮುಗಿಯುವ ತನಕ, ಮತ್ತೆ ಪಾಸ್ಖ ಹಬ್ಬ ಕಳೆದು ಮಳೆಗಾಲ ಹಿಡಿಯುವ ತನಕ ಮಂಗಳೂರಿನ ಇಗರ್ಜಿಗಳಲ್ಲಿ ಮದುವೆಗಳ ಸುಗ್ಗಿ. ಆಗಮನಕಾಲ, ತಪಸ್ಸುಕಾಲಗಳಲ್ಲಿ ಮದುವೆಯ ಸಂಭ್ರಮ ಸಲ್ಲದೆಂಬ ರೂಢಿಯಿರುವುದರಿಂದ ಉಳಿದ ವಾರಗಳಲ್ಲಿ ನೂಕುನುಗ್ಗಲು. ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳು, ಕೆನಡಾ ಎಂದು ಎಲ್ಲೆಲ್ಲಿಂದಲೋ ನೆಂಟರು ಬಂದಿಳಿಯುತ್ತಾರೆ. ರೋಸ್ ಒಂದು ಸಂಜೆ, ಮದುವೆಯ ಬಲಿಪೂಜೆ ಇನ್ನೊಂದು ಸಂಜೆ. ನಡುವೆ ಒಂದೋ ಎರಡೋ ದಿನ ಬರಿದು.

ಹಿಂದೆ ಬರಿದಾದ ದಿನವೆಂಬುದೇ ಇರಲಿಲ್ಲ. ನೆಂಟರು ಮದುವೆ ಮನೆಯಲ್ಲೇ ಇಳಿದು, ತೆಂಗಿನಕಾಯಿ ತುರಿದು, ಚಪ್ಪರಕ್ಕೆ ಗರಿ ಕಟ್ಟಿ, ರಾತ್ರಿ ಹೆಂಗಸರ ವೊವಿಯೊ ಕೇಳುತ್ತಾ ಮಲಗುತ್ತಿದ್ದರು. ಈಗ ಅಡುಗೆ ಕೇಟರಿಂಗಿನವರದು, ಅಲಂಕಾರ ಹಾಲಿನವರದು, ನೆಂಟರು ಹೋಟೆಲಿನ ಕೋಣೆಯಲ್ಲಿ. ಇದನ್ನು ನಾವು ದೂರುವುದಿಲ್ಲ. ಮನೆಗಳು ಚಿಕ್ಕದಾಗಿವೆ, ಮನೆಯವರು ದಣಿದಿರುತ್ತಾರೆ. ಆದರೆ ಹೊರನಾಡಿನಲ್ಲಿ ಹುಟ್ಟಿದ ಮೊಮ್ಮಕ್ಕಳು ಅಜ್ಜಿಯ ಊರೆಂದರೆ ಒಂದು ಹಾಲ್, ಒಂದು ಹೋಟೆಲ್, ಒಂದು ವಿಮಾನ ನಿಲ್ದಾಣ ಎಂದು ತಿಳಿದು ಮರಳಬೇಕೇ? ಕರೆಯೋಲೆಯೊಂದಿಗೆ ಅರ್ಧ ಹಾಳೆಯಲ್ಲಿ ನಾಲ್ಕು ಜಾಗಗಳ ಹೆಸರು ಬರೆದಿಡಿ, ಮನೆಯ ಯುವಕನೊಬ್ಬನನ್ನು ಜೊತೆಗೆ ಕಳುಹಿಸಿ ಎಂಬುದು ಮದುವೆ ಮನೆಯವರಲ್ಲಿ ನಮ್ಮ ಕೋರಿಕೆ.

ಬೆಳಗಿನ ತಂಪಿನಲ್ಲೇ ಹೊರಡುವುದು ಲೇಸು. ಏಪ್ರಿಲ್, ಮೇ ತಿಂಗಳ ಸೆಕೆ ಹೊರಗಿನವರಿಗೆ ಸಹಿಸಲಸಾಧ್ಯ. ಮೊದಲು ಬಾವುಟಗುಡ್ಡೆ. 1837ರಲ್ಲಿ ಬ್ರಿಟಿಷರ ವಿರುದ್ಧ ದಂಡೆತ್ತಿ ಬಂದ ಅಮರ ಸುಳ್ಯದ ರೈತರು ಬಾವುಟ ಹಾರಿಸಿದ ಗುಡ್ಡವಿದು. ಅಲ್ಲಿಯೇ ಸಂತ ಅಲೋಶಿಯಸರ ಚಾಪೆಲ್ ಇದೆ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಲ್ಲಿ ಕುಂಚ ಹಿಡಿದು ಸುಮಾರು ಎರಡು ವರ್ಷಗಳಲ್ಲಿ ಇದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು. ಛಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ಸಂತ ಅಲೋಶಿಯಸರ ಜೀವನ ಅಲ್ಲಿದೆ. ತತ್ತ್ವಚಿಂತನೆಯ ಮೂಲ ಬೆರಗು ಎಂದು ಅರಿಸ್ಟಾಟಲನ ಮತ. ಆ ಛಾವಣಿಯ ಕೆಳಗೆ ಬಾಯಿ ತೆರೆದು ನಿಲ್ಲುವ ಮಗುವನ್ನು ದಯಮಾಡಿ ಅವಸರಪಡಿಸಬೇಡಿ.

ಗುಡ್ಡವಿಳಿದರೆ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ. 1680ರಲ್ಲಿ ಬಿಷಪ್ ಥಾಮಸ್ ದೆ ಕ್ಯಾಸ್ತ್ರೊ ಸ್ಥಾಪಿಸಿದ ಇದು 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತಿತು. ಅದೇ ವರ್ಷ ಕೆನರಾದ ಕಥೋಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಉಳಿದವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ. ಬೋಳೂರಿನ ಹೊಳೆದಂಡೆಯಲ್ಲಿ ಕರಿಗಲ್ಲಿನ ಸುಲ್ತಾನ್ ಬತ್ತೇರಿಯಿದೆ. ಅದೂ 1784ರದೇ. ಸಂಜೆಯ ಹೊತ್ತಿಗೆ ಅಲ್ಲಿ ನಿಂತು ಈ ಎರಡು ಮಾತುಗಳನ್ನು ಒಟ್ಟಿಗೇ ಹೇಳಿರಿ. ದ್ವೇಷಕ್ಕಾಗಿ ಅಲ್ಲ, ತಮ್ಮ ಪೂರ್ವಜರು ಏನನ್ನು ದಾಟಿ ಬಂದರೆಂದು ಮಕ್ಕಳು ಅರಿಯಲೆಂದು. ಹೊಳೆಯಾಚೆ ತಣ್ಣೀರುಬಾವಿಯ ಕಡಲತೀರ.

ಕದ್ರಿಯ ಮಂಜುನಾಥ ದೇವಸ್ಥಾನವನ್ನೂ ಬಿಡಬಾರದು. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ 968ನೆಯ ಇಸವಿಯ ಶಾಸನವಿದೆ. ನೆರೆಯವರ ಮನೆಯನ್ನು ಗೌರವದಿಂದ ನೋಡಿ ಬರುವುದು ಒಳ್ಳೆಯ ನೆಂಟರ ಲಕ್ಷಣ.

ಇನ್ನು ಊಟ. ಹಂದಿಮಾಂಸದ ಬಾಫಾತ್, ಕಳ್ಳು ಬೆರೆಸಿ ಉಬ್ಬಿಸಿದ ಸಾನ್ನಾ ಮದುವೆಯಲ್ಲಿ ಹೇಗೂ ಸಿಗುತ್ತವೆ. ಆದುದರಿಂದ ಹೊರಗೆ ಬೇರೆಯದನ್ನೇ ಉಣ್ಣಬೇಕು. ಬೆಳಿಗ್ಗೆ ಯಾವುದಾದರೂ ಹಳೆಯ ಉಡುಪಿ ಹೋಟೆಲಿನಲ್ಲಿ ಬಾಳೆಹಣ್ಣು ಕಲಸಿ ಮಾಡಿದ ಬನ್ಸ್. ಮಧ್ಯಾಹ್ನ ಬಂದರು, ರಥಬೀದಿಗಳ ಆಸುಪಾಸಿನ ಚಿಕ್ಕ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು, ಕಾವಲಿಯಲ್ಲಿ ಹುರಿದ ಬಂಗುಡೆ. ಹನ್ನೆರಡೂವರೆಗೆ ಮೊದಲೇ ಹೋಗಿ. ಬಳಿಕ ಸಾಲು ಬೀದಿಗಿಳಿಯುತ್ತದೆ. ರಾತ್ರಿ ಕೋರಿ ರೊಟ್ಟಿ. 1975ರಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಮಿನ ಗಡ್‌ಬಡ್ ಮಕ್ಕಳಿಗೆ ಆಗಲೇಬೇಕು. ಗಡ್‌ಬಡ್ ಹುಟ್ಟಿದ್ದು ನಮ್ಮಲ್ಲೇ ಎಂದು ಉಡುಪಿಯವರ ವಾದ, ಆ ತಗಾದೆಗೆ ನಾವು ತೀರ್ಪುಗಾರರಲ್ಲ.

ಕೊಳ್ಳುವವರು ದೊಡ್ಡ ಮಾಲುಗಳಿಗೆ ಹೋಗಿ ಸಮಯ ಕಳೆಯಬಾರದು. ಅವು ಅವರ ಊರುಗಳಲ್ಲೂ ಇವೆ. ಹಂಪನಕಟ್ಟೆಯ ಸುತ್ತ ಬಾಫಾತ್ ಪುಡಿ, ಕೋರಿ ರೊಟ್ಟಿಯ ಕಟ್ಟು, ಗೇರುಬೀಜ, ಹಲಸಿನ ಹಪ್ಪಳ ದೊರೆಯುತ್ತವೆ. ಸೀರೆ ಬೇಕಾದವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರೆಗೆ ಹೋದರೆ ಕೈಮಗ್ಗದ ಉಡುಪಿ ಸೀರೆ ನೇಯುವುದನ್ನು ಕಂಡು ಕೊಳ್ಳಬಹುದು. ಮಲ್ಲಿಗೆಯನ್ನು ಮಾತ್ರ ಮುಂದಾಗಿ ಹೇಳಿಡಿ. ಶಂಕರಪುರದ ಮಲ್ಲಿಗೆ ಅಟ್ಟೆಯ ಲೆಕ್ಕದಲ್ಲಿ ಬರುತ್ತದೆ. ಮದುವೆಯ ದಿನಗಳಲ್ಲಿ ದರ ದಿಢೀರನೆ ಏರುತ್ತದೆ.

ಇಡೀ ದಿನ ಬಿಡುವಿದ್ದರೆ ಒಂದು ವಾಹನ ಮಾಡಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಅತ್ತೂರಿನ ಸಂತ ಲಾರೆನ್ಸರ ಬಸಿಲಿಕ ಮೂರನ್ನೂ ನೋಡಬಹುದು. ಬಸದಿ 1430ರದು, ಗೊಮ್ಮಟ 1432ರದು. ಅತ್ತೂರಿಗೆ ಬಸಿಲಿಕದ ಗೌರವ ದೊರೆತದ್ದು 2016ರಲ್ಲಿ. ಆದರೆ ಮದುವೆಯ ದಿನವೇ ಈ ಸಾಹಸ ಬೇಡ. ಪ್ರಬೋಧನೆಯ ವೇಳೆ ತೂಕಡಿಸುವ ನೆಂಟರು ಪೀಠದಿಂದ ನಮಗೆ ಚೆನ್ನಾಗಿಯೇ ಕಾಣುತ್ತಾರೆ.

ಇನ್ನೊಂದು ಜಾಗ ಯಾವ ಪ್ರವಾಸಿ ನಕ್ಷೆಯಲ್ಲೂ ಇಲ್ಲ. ಅದು ಅಜ್ಜ-ಅಜ್ಜಿಯರ ಸ್ವಂತ ಇಗರ್ಜಿ. ಅಲ್ಲಿ ಅವರ ಸಮಾಧಿಯಿರುತ್ತದೆ, ಕಚೇರಿಯ ಕಪಾಟಿನಲ್ಲಿ ಅವರ ಸ್ನಾನದೀಕ್ಷೆಯ ದಾಖಲೆಯಿರುತ್ತದೆ. ತಮ್ಮ ಮುತ್ತಜ್ಜನ ಹೆಸರನ್ನು ಹಳೆಯ ಶಾಯಿಯಲ್ಲಿ ಕಂಡು ಮೌನವಾದ ಯುವಕರನ್ನು ನಾವು ನೋಡಿದ್ದೇವೆ. ಹೋಗುವವರು ಎರಡು ದಿನ ಮೊದಲೇ ಅಲ್ಲಿನ ಧರ್ಮಗುರುಗಳಿಗೆ ಫೋನ್ ಮಾಡಿ ಹೆಸರು, ವಾಳೆ, ಹುಟ್ಟಿದ ವರ್ಷ ತಿಳಿಸಿದರೆ ಪುಸ್ತಕ ಹುಡುಕಿಡಲು ಅನುಕೂಲ. ಭಾನುವಾರದ ಬೆಳಗು ಮಾತ್ರ ಬೇಡ.