ಡುಪ್ಯುಟ್ರೆನ್ ಸಂಕೋಚ: ಶಸ್ತ್ರರಹಿತ ಚಿಕಿತ್ಸೆಯ ಅನ್ವೇಷಣೆ

ಅಂಗೈಯ ಚರ್ಮದಡಿಯಲ್ಲಿ, ಬೆರಳುಗಳನ್ನು ಮಡಿಸುವ ರಜ್ಜುಗಳಿಗೆ ಮೇಲ್ಭಾಗದಲ್ಲಿ, ಬೀಸಣಿಗೆಯ ಆಕಾರದ ಗಟ್ಟಿಯಾದ ತಂತುಪೊರೆಯೊಂದು ಹರಡಿಕೊಂಡಿದೆ. ಗುದ್ದಲಿಯನ್ನೋ ತಂಬಿಗೆಯನ್ನೋ ಬಿಗಿಯಾಗಿ ಹಿಡಿದಾಗ ಚರ್ಮವು ಜಾರದಂತೆ ತಡೆಯುವುದು ಈ ಪೊರೆಯೇ. ಕೆಲವರಲ್ಲಿ, ಸಾಮಾನ್ಯವಾಗಿ ಐವತ್ತು ವರ್ಷ ದಾಟಿದ ಮೇಲೆ, ಇದು ಅಲ್ಲಲ್ಲಿ ಗಂಟುಕಟ್ಟುತ್ತದೆ. ಗಂಟುಗಳಿಂದ ಹುರಿಗಳು ಬೆಳೆಯುತ್ತವೆ. ಹುರಿಗಳು ವರ್ಷಗಳ ಅವಧಿಯಲ್ಲಿ ಕುಗ್ಗುತ್ತ ಬೆರಳನ್ನು ಅಂಗೈಯ ಕಡೆಗೆ ಎಳೆಯುತ್ತವೆ. ಉಂಗುರಬೆರಳು ಮತ್ತು ಕಿರುಬೆರಳುಗಳೇ ಹೆಚ್ಚಾಗಿ ಇದಕ್ಕೆ ತುತ್ತಾಗುವುವು. ನೋವು ಅಷ್ಟಾಗಿ ಇರುವುದಿಲ್ಲ. ಆದರೆ ಮುಖ ತೊಳೆಯುವಾಗ ಬಾಗಿದ ಬೆರಳು ಕಣ್ಣಿಗೆ ತಾಗುತ್ತದೆ, ಜೇಬಿನೊಳಕ್ಕೆ ಕೈ ಇಳಿಯುವುದಿಲ್ಲ. ಅಂಗೈಯನ್ನು ಮೇಜಿನ ಮೇಲೆ ಸಮತಟ್ಟಾಗಿ ಊರಲು ಆಗದಿದ್ದರೆ ಸಂಕೋಚವು ಪ್ರಾರಂಭವಾಗಿದೆಯೆಂದು ವೈದ್ಯರು ಎಣಿಸುತ್ತಾರೆ.

ಈ ವ್ಯಾಧಿಗೆ ಪ್ಯಾರಿಸಿನ ಓತೆಲ್ ದ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಗಿಯೋಮ್ ಡುಪ್ಯುಟ್ರೆನ್ನನ (1777-1835) ಹೆಸರು ನಿಂತಿದೆ. ಅವನು 1831ರಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಕೈಯನ್ನು ಕೊಯ್ದು, ದೋಷವು ರಜ್ಜುಗಳಲ್ಲಿರದೆ ಪೊರೆಯಲ್ಲಿದೆ ಎಂದು ಉಪನ್ಯಾಸದಲ್ಲಿ ಪ್ರತಿಪಾದಿಸಿದನು. ಹೆಸರು ಅವನದಾದರೂ ಶೋಧದ ಅಗ್ರಹಕ್ಕು ಅವನೊಬ್ಬನದೇ ಅಲ್ಲ. ಬಾಸೆಲ್ ನಗರದ ಫೆಲಿಕ್ಸ್ ಪ್ಲಾಟರನು 1614ರಲ್ಲಿಯೇ ಇಂಥ ಕೈಯನ್ನು ವರ್ಣಿಸಿದ್ದನು, ಆದರೆ ದೋಷವನ್ನು ರಜ್ಜುಗಳಲ್ಲಿ ಕಂಡನು. ಲಂಡನ್ನಿನ ಹೆನ್ರಿ ಕ್ಲೈನನು 1777ರಲ್ಲಿ ಶವಚ್ಛೇದದಿಂದ ಪೊರೆಯ ವಿಕಾರವನ್ನು ಗುರುತಿಸಿದನು. ಅವನ ಶಿಷ್ಯ ಆಸ್ಟ್‌ಲಿ ಕೂಪರನು 1822ರಲ್ಲಿ, ಕಿರಿದಾದ ಅಲಗನ್ನು ಚರ್ಮದಡಿ ತೂರಿಸಿ ಹುರಿಯನ್ನು ತುಂಡರಿಸಬಹುದೆಂದು ಸೂಚಿಸಿದನು. ಕೂಪರನ ಈ ಸೂಚನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ವ್ಯಾಧಿ ಉತ್ತರ ಯುರೋಪಿನ ಮೂಲದವರಲ್ಲಿ, ಅದರಲ್ಲಿಯೂ ಗಂಡಸರಲ್ಲಿ ಹೆಚ್ಚು. ವಂಶಪಾರಂಪರ್ಯದ ಪಾಲು ದೊಡ್ಡದು. ನಮ್ಮಲ್ಲಿ ಇದು ವಿರಳ. ಕಂಡುಬಂದಾಗ ಹಲವೊಮ್ಮೆ ಮಧುಮೇಹದ ಜೊತೆಗೆ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾರತದಲ್ಲಿ ಉಂಗುರಬೆರಳು, ಕಿರುಬೆರಳುಗಳು ಬಾಗಿದ್ದರೆ, ಕುಷ್ಠರೋಗದಿಂದ ಮೊಳಕೈಯ ಬಳಿಯ ಅಲ್ನಾರ್ ನರ ಕೆಟ್ಟಿರಬಹುದೇ ಎಂಬುದನ್ನು ಮೊದಲು ವಿಚಾರಿಸಬೇಕು. ಅಂಥ ಕೈಯಲ್ಲಿ ಬೆರಳಿನ ಬುಡದ ಕೀಲು ಹಿಂದಕ್ಕೆ ಬಾಗಿ, ನಡುಗೆಣ್ಣು ಮುಂದಕ್ಕೆ ಮಡಿಸಿರುತ್ತದೆ, ಸ್ಪರ್ಶಜ್ಞಾನ ಕುಂದಿರುತ್ತದೆ, ಅಂಗೈಯಲ್ಲಿ ಗಂಟಿರುವುದಿಲ್ಲ. ಡುಪ್ಯುಟ್ರೆನ್ ಸಂಕೋಚದಲ್ಲಿ ಬುಡದ ಕೀಲೂ ಮುಂದಕ್ಕೇ ಬಾಗುತ್ತದೆ, ಸ್ಪರ್ಶ ಸರಿಯಾಗಿರುತ್ತದೆ. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಅವರು ರಜ್ಜುಗಳನ್ನು ಸ್ಥಾನಾಂತರಿಸಿ ನೆಟ್ಟಗೆ ಮಾಡಿದ ಕೈಗಳು ಮೊದಲನೆಯ ಬಗೆಯವು. ಎರಡನ್ನೂ ಒಂದೆಂದು ಭಾವಿಸಿ ಕಾಲ ಕಳೆದರೆ ನರವು ಶಾಶ್ವತವಾಗಿ ನಷ್ಟವಾಗಬಹುದು.

ಚಾಕುವಿನ ಭಯ ಸಹಜವಾದದ್ದು. ಪೊರೆಯನ್ನು ಕೊಯ್ದು ತೆಗೆದ ಮೇಲೆ ಗಾಯ ಮಾಯುವುದಕ್ಕೆ ವಾರಗಳೇ ಬೇಕು. ಹುರಿಯು ನರಗಳನ್ನು ಸುತ್ತಿಕೊಂಡಿರುವುದರಿಂದ ಅವಕ್ಕೆ ಪೆಟ್ಟಾಗುವ ಸಂಭವವೂ ಉಂಟು. ಆದ್ದರಿಂದ ಶಸ್ತ್ರವಿಲ್ಲದ ಉಪಾಯವನ್ನು ರೋಗಿಗಳೂ ವೈದ್ಯರೂ ಬಹುಕಾಲದಿಂದ ಹುಡುಕುತ್ತ ಬಂದಿದ್ದಾರೆ. ಈ ಹುಡುಕಾಟದಲ್ಲಿ ಆಗಿರುವ ಗೊಂದಲಕ್ಕೆ ಮುಖ್ಯ ಕಾರಣ, ವ್ಯಾಧಿಯ ಹಂತಗಳನ್ನು ಬೇರ್ಪಡಿಸಿ ನೋಡದಿರುವುದೆಂದು ನನ್ನ ಅಭಿಪ್ರಾಯ. 1959ರಲ್ಲಿ ಜೇಮ್ಸ್ ವರ್ನನ್ ಲಕ್ ಅವರು ಮೂರು ಹಂತಗಳನ್ನು ನಿರೂಪಿಸಿದರು: ಜೀವಕೋಶಗಳು ವೃದ್ಧಿಯಾಗುವ ಹಂತ, ಅವು ಸಾಲುಗೂಡಿ ಕುಗ್ಗುವ ಹಂತ, ಕೊನೆಗೆ ಕೋಶಗಳು ವಿರಳವಾಗಿ ಕೊಲಾಜೆನ್ನಿನ ಹುರಿಯೊಂದೇ ಉಳಿಯುವ ಹಂತ. 1972ರಲ್ಲಿ ಗಬ್ಬಿಯಾನಿ ಮತ್ತು ಮಾಯ್ನೋ ಅವರು ಈ ಗಂಟುಗಳಲ್ಲಿ ಮಯೋಫೈಬ್ರೊಬ್ಲಾಸ್ಟ್ ಎಂಬ, ಮಾಂಸಖಂಡದ ಕೋಶದಂತೆ ಸಂಕೋಚಿಸಬಲ್ಲ ತಂತುಕೋಶವನ್ನು ತೋರಿಸಿಕೊಟ್ಟರು. ಮೊದಲ ಹಂತದಲ್ಲಿ ತಡೆಯಬೇಕಾದದ್ದು ಈ ಕೋಶವನ್ನು. ಕೊನೆಯ ಹಂತದಲ್ಲಿ ಮುರಿಯಬೇಕಾದದ್ದು ಹುರಿಯನ್ನು. ಒಂದಕ್ಕೆ ಸಲ್ಲುವ ಔಷಧಿ ಇನ್ನೊಂದಕ್ಕೆ ಸಲ್ಲದು.

ಇನ್ನೊಂದು ತೊಡಕೂ ಉಂಟು. ಗಂಟು ಕಾಣಿಸಿಕೊಂಡವರೆಲ್ಲರಲ್ಲಿ ಬೆರಳು ಬಾಗುವುದಿಲ್ಲ. ಅನೇಕರಲ್ಲಿ ವ್ಯಾಧಿಯು ತಾನಾಗಿಯೇ ವರ್ಷಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಆ ಅವಧಿಯಲ್ಲಿ ಯಾವ ಎಣ್ಣೆಯನ್ನು ತಿಕ್ಕಿದ್ದರೂ ಕೀರ್ತಿ ಆ ಎಣ್ಣೆಗೇ ಸಲ್ಲುತ್ತದೆ! 1940ರ ದಶಕದಲ್ಲಿ ಇ ಜೀವಸತ್ವದ ಬಗೆಗೆ ಎದ್ದ ಉತ್ಸಾಹವು ಮುಂದಿನ ದಶಕದಲ್ಲಿ ಇಳಿದುಹೋಯಿತು. ನೀವುವುದು, ಎಳೆಯುವುದು, ರಾತ್ರಿ ಪಟ್ಟಿ ಕಟ್ಟಿಕೊಳ್ಳುವುದು ಇವುಗಳಿಂದ ಸಂಕೋಚ ನಿಲ್ಲುವುದೆಂಬುದಕ್ಕೆ ಬಲವಾದ ಪ್ರಮಾಣವಿಲ್ಲ. ಶಸ್ತ್ರಚಿಕಿತ್ಸೆಯ ಅನಂತರ ಎಲ್ಲರಿಗೂ ರಾತ್ರಿಪಟ್ಟಿ ಕಟ್ಟುವುದರಿಂದ ಹೆಚ್ಚಿನ ಲಾಭವಿಲ್ಲವೆಂದು ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆ ತಿಳಿಸಿತು.

ಆರಂಭದ ಗಂಟಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಚುಚ್ಚುವುದುಂಟು. ಕೆಚಮ್ ಮತ್ತು ಡೊನಾಹ್ಯೂ ಅವರು 2000ದಲ್ಲಿ ವರದಿ ಮಾಡಿದ 63 ರೋಗಿಗಳಲ್ಲಿ ಬಹುತೇಕರ ಗಂಟುಗಳು ಮೆತ್ತಗಾಗಿ ಕುಗ್ಗಿದವು; ಆದರೆ ಅರ್ಧದಷ್ಟು ಜನರಲ್ಲಿ ಒಂದರಿಂದ ಮೂರು ವರ್ಷಗಳೊಳಗೆ ಮರುಕಳಿಸಿದವು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಜರ್ಮನಿಯಲ್ಲಿ ಕ್ಷ-ಕಿರಣ ಚಿಕಿತ್ಸೆಗೆ ಹೆಚ್ಚು ಒಲವು. ಎರ್ಲಾಂಗೆನ್ನಿನ ತಂಡ 2010ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ 208 ಕೈಗಳಿಗೆ ಒಟ್ಟು 30 ಗ್ರೇ ಪ್ರಮಾಣವನ್ನು ಎರಡು ಕಂತುಗಳಾಗಿ ಕೊಟ್ಟು ಸುಮಾರು 13 ವರ್ಷ ಗಮನಿಸಲಾಗಿತ್ತು. ಗಂಟು ಮಾತ್ರ ಇದ್ದ ಕೈಗಳಲ್ಲಿ ನೂರಕ್ಕೆ 87 ಸ್ಥಿರವಾಗಿದ್ದವು ಅಥವಾ ಸುಧಾರಿಸಿದ್ದವು. ಬೆರಳು ಬಹಳ ಬಾಗಿದ್ದ ಕೈಗಳಲ್ಲಿ ನೂರಕ್ಕೆ 86 ಹದಗೆಟ್ಟವು. ಇಲ್ಲಿಯೂ ಚಿಕಿತ್ಸೆ ಪಡೆಯದವರ ಹೋಲಿಕೆಯಿಲ್ಲ. ಆದರೂ ಹಂತಭೇದದ ಮಹತ್ತ್ವ ಈ ಎರಡು ಸಂಖ್ಯೆಗಳಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ.

ಕಟ್ಟುನಿಟ್ಟಾದ ಪರೀಕ್ಷೆಗೆ ಒಳಗಾದದ್ದು ಆಕ್ಸ್‌ಫರ್ಡಿನ ಜಗದೀಪ್ ನಾಂಚಹಾಲ್ ಅವರ ತಂಡದ ಪ್ರಯತ್ನ. ಉರಿಯೂತವನ್ನು ಪ್ರೇರಿಸುವ ಟಿ.ಎನ್.ಎಫ್. ಎಂಬ ವಸ್ತುವೇ ಮಯೋಫೈಬ್ರೊಬ್ಲಾಸ್ಟನ್ನು ಉದ್ದೀಪಿಸುವುದೆಂದು ಅವರು 2013ರಲ್ಲಿ ತೋರಿಸಿದರು. ಅದನ್ನು ತಡೆಯುವ ಅಡಲಿಮುಮಾಬನ್ನು ಮೂರು ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ಗಂಟಿಗೆ ಚುಚ್ಚಿದಾಗ, 140 ಜನರ ಪರೀಕ್ಷೆಯಲ್ಲಿ, ಗಂಟಿನ ಗಡಸುತನವೂ ಗಾತ್ರವೂ ಕಡಿಮೆಯಾದವೆಂದು 2022ರಲ್ಲಿ ಪ್ರಕಟಿಸಿದರು. ಗಂಟು ಕುಗ್ಗಿದ ಮಾತ್ರಕ್ಕೆ ಮುಂದೆ ಬೆರಳು ಬಾಗುವುದಿಲ್ಲವೆಂದು ಆ ಪರೀಕ್ಷೆಯಿಂದ ಸಿದ್ಧವಾಗುವುದಿಲ್ಲ.

ಬಾಗಿಹೋದ ಬೆರಳಿಗೆ ಉಳಿದಿರುವ ಮಾರ್ಗಗಳು ಎರಡು. ಮೊದಲನೆಯದು ಸೂಜಿ. 1970ರ ದಶಕದಲ್ಲಿ ಪ್ಯಾರಿಸಿನ ಸಂಧಿವಾತತಜ್ಞರು, ಸ್ಥಳೀಯವಾಗಿ ಮರವು ಕೊಟ್ಟು, ಸೂಜಿಯ ಮೊನೆಯಿಂದಲೇ ಹುರಿಯನ್ನು ದುರ್ಬಲಗೊಳಿಸಿ ಬೆರಳನ್ನು ನೀಡುವ ಕ್ರಮವನ್ನು ಬಳಕೆಗೆ ತಂದರು. ಕೂಪರನ ಸೂಚನೆ ಹೀಗೆ ಒಂದೂವರೆ ಶತಮಾನದ ಮೇಲೆ ಮರಳಿ ಬಂದಿತು. ಇದನ್ನು ಶಸ್ತ್ರರಹಿತವೆನ್ನಬಹುದೇ ಎಂಬುದು ತರ್ಕದ ವಿಷಯ. ಸೂಜಿಯೂ ಒಂದು ಅಲಗೇ. ಕೈ ಬೇಗ ಕೆಲಸಕ್ಕೆ ಬರುತ್ತದೆ, ಆದರೆ ಹುರಿ ಒಳಗೇ ಉಳಿಯುತ್ತದೆ. 2012ರ ಡಚ್ ಅಧ್ಯಯನದಲ್ಲಿ ಐದು ವರ್ಷಗಳೊಳಗೆ ಸೂಜಿಯ ಗುಂಪಿನಲ್ಲಿ ನೂರಕ್ಕೆ 85ರಷ್ಟು, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 21ರಷ್ಟು ಮರುಕಳಿಕೆ ಕಂಡಿತು.

ಎರಡನೆಯದು ಕಿಣ್ವ. ಕ್ಲಾಸ್ಟ್ರಿಡಿಯಮ್ ಜಾತಿಯ ಬ್ಯಾಕ್ಟೀರಿಯಾದಿಂದ ಪಡೆದ ಕೊಲಾಜನೇಸನ್ನು ಹುರಿಗೆ ಚುಚ್ಚಿದರೆ ಅದು ಕೊಲಾಜೆನ್ನನ್ನು ಕರಗಿಸುತ್ತದೆ. ಮರುದಿನವೋ ಒಂದೆರಡು ದಿನ ಬಿಟ್ಟೋ ವೈದ್ಯರು ಬೆರಳನ್ನು ಎಳೆದು ಹುರಿಯನ್ನು ಹರಿಯುತ್ತಾರೆ. ನ್ಯೂಯಾರ್ಕಿನ ಹರ್ಸ್ಟ್ ಮತ್ತು ಬಡಲಮೆಂಟೆ ಅವರ ದೀರ್ಘ ಶ್ರಮದ ಫಲವಿದು. 308 ಜನರ ಪರೀಕ್ಷೆಯಲ್ಲಿ (2009) ಕಿಣ್ವ ಪಡೆದ ಕೀಲುಗಳಲ್ಲಿ ನೂರಕ್ಕೆ 64 ಬಹುಮಟ್ಟಿಗೆ ನೆಟ್ಟಗಾದವು. ಹುಸಿಮದ್ದಿನ ಗುಂಪಿನಲ್ಲಿ ಸುಮಾರು 7 ಮಾತ್ರ. ಬುಡದ ಕೀಲಿನಲ್ಲಿ 77, ನಡುಗೆಣ್ಣಿನಲ್ಲಿ 40 ಎಂಬ ವ್ಯತ್ಯಾಸ ಗಮನಾರ್ಹ. ಇಬ್ಬರಲ್ಲಿ ರಜ್ಜುವೇ ಹರಿದುದೂ ಉಂಟು. ಅಮೆರಿಕದಲ್ಲಿ 2010ರಲ್ಲಿ ಅನುಮತಿ ದೊರೆಯಿತು. ಯುರೋಪಿನ ಮಾರುಕಟ್ಟೆಯಿಂದ 2020ರಲ್ಲಿ ವ್ಯಾಪಾರದ ಕಾರಣಕ್ಕಾಗಿ ಔಷಧಿಯನ್ನು ಹಿಂತೆಗೆಯಲಾಯಿತು. ಗುಣವಿದ್ದೂ ಲಾಭವಿಲ್ಲದ ಮದ್ದು ರೋಗಿಗೆ ಸಿಗದು ಎಂಬುದು ಕಹಿಯಾದ ಮಾತು.

ಫಿನ್ಲೆಂಡಿನಲ್ಲಿ ಮೂರೂ ವಿಧಾನಗಳನ್ನು ಒಟ್ಟಿಗೆ ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ತಿಂಗಳ ಕೊನೆಗೆ ಫಲ ಹೆಚ್ಚುಕಡಮೆ ಸಮನಾಗಿತ್ತು. ಎರಡು ವರ್ಷಗಳ ಕೊನೆಗೆ ಯಶಸ್ಸು ಶಸ್ತ್ರದಲ್ಲಿ ನೂರಕ್ಕೆ 78, ಕಿಣ್ವದಲ್ಲಿ 65, ಸೂಜಿಯಲ್ಲಿ 50. ಆದರೂ ಬುಡದ ಕೀಲು ಮಾತ್ರ ಬಾಗಿದ್ದು, ಬೇಗ ಕೆಲಸಕ್ಕೆ ಮರಳಬೇಕಾದ ವೃದ್ಧನೊಬ್ಬನು ಸೂಜಿಯನ್ನೇ ಆರಿಸಿಕೊಂಡರೆ ಅದು ಅವಿವೇಕವಲ್ಲ. ಬೇಕಾದರೆ ಮತ್ತೊಮ್ಮೆ ಚುಚ್ಚಿಸಿಕೊಳ್ಳಬಹುದು. ನಡುಗೆಣ್ಣಿನ ವಿಷಯ ಬೇರೆ. ಅದು ಬಹುಕಾಲ ಬಾಗಿಯೇ ಇದ್ದರೆ ಕೀಲಿನ ಕಟ್ಟುಗಳೇ ಮೋಟಾಗಿ, ಹುರಿಯನ್ನು ಸಂಪೂರ್ಣವಾಗಿ ತೆಗೆದರೂ ಬೆರಳು ನೀಳವಾಗುವುದಿಲ್ಲ. ಆದಕಾರಣ ಆ ಗೆಣ್ಣು ಬಾಗತೊಡಗಿದೊಡನೆ, ಕೋನ ಎಷ್ಟೇ ಅಲ್ಪವಾಗಿರಲಿ, ತಜ್ಞರಿಗೆ ತೋರಿಸತಕ್ಕದ್ದು. ಬುಡದ ಕೀಲಿನಲ್ಲಾದರೋ 30 ಅಂಶದವರೆಗೆ ಕಾಯುವುದು ವಾಡಿಕೆ.