ಸೆರಗಿಗೆ ಕುಚ್ಚು, ಕೈಗೆ ನಾಲ್ಕು ಕಾಸು

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತವೂ ತೀರಿದ ಮೇಲೆ ನಮ್ಮ ಬೆಳೆಗಾರರ ಮನೆಗಳ ಹೆಣ್ಣುಮಕ್ಕಳಿಗೆ ತುಸು ಬಿಡುವು. ಆ ಬಿಡುವಿಗೆ ಒಪ್ಪುವ ಕಸುಬು ಕ್ರೋಶಾ ಕುಚ್ಚು. ಕೊಳ್ಳೇಗಾಲವು ರೇಷ್ಮೆ ಸೀರೆಗೆ ಹೆಸರಾದ ಊರು. ಅಜ್ಜೀಪುರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಸೀರೆ ಕೊಂಡವರಿಗೆ ಸೆರಗಿನ ಕುಚ್ಚೂ ಬೇಕು.

ಬೇಕಾದ ಸಾಮಾನು ಅಲ್ಪ: ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿ, ಸೀರೆಯ ಬಣ್ಣಕ್ಕೆ ಹೊಂದುವ ರೇಷ್ಮೆ ದಾರ, ಮಣಿ. ಮೊದಲು ಸರಪಣಿ, ಆಮೇಲೆ ಕಂಬ. ಇವೆರಡು ಕೈಗೆ ಕೂತರೆ ಮಾದರಿ ನೋಡಿ ಕಮಾನು, ಹೂವು ಹೆಣೆಯಬಹುದು. ಎಣಿಕೆ ತಪ್ಪಬಾರದು, ಒಂದು ಕಮಾನಿಗೆ 5 ಕಂಬವಾದರೆ ಸೆರಗಿನ ಕೊನೆಯವರೆಗೂ ಐದೇ. ಹಳೆಯ ಬಟ್ಟೆಯ ಅಂಚಿನಲ್ಲಿ ಕಲಿತು ಆಮೇಲೆ ಸೀರೆ ಮುಟ್ಟುವುದು ಕ್ಷೇಮ.

ಆದರೆ ಒಂದು ಎಚ್ಚರಿಕೆ. ಆಂಧ್ರದ ನರಸಾಪುರದ ಹೆಂಗಸರು ತಲೆಮಾರುಗಳಿಂದ ಕ್ರೋಶಾ ಲೇಸು ಹೆಣೆದು ಪರದೇಶದ ಪೇಟೆಗೆ ಒದಗಿಸಿದವರು. ಮರಿಯಾ ಮೀಸ್ ಅವರು 1982ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದ್ದೇನು? ಲಾಭ ವರ್ತಕರಿಗೆ, ಹೆಣೆದವಳಿಗೆ ಅತ್ಯಲ್ಪ ಕೂಲಿ. ಅವಳ ದುಡಿಮೆ ದುಡಿಮೆಯೆಂದೇ ಲೆಕ್ಕಕ್ಕಿಲ್ಲ, ಬಿಡುವಿನ ಕೆಲಸವಷ್ಟೇ. ಬಿಡುವಿನದೆಂದ ಮಾತ್ರಕ್ಕೆ ಕೂಲಿ ಇಳಿಯಬಾರದು.

ದಲ್ಲಾಳಿಯ ಕೈಗೆ ಸಿಕ್ಕ ಫಸಲಿನ ಪಾಡು ನಮಗೆ ಗೊತ್ತು. ನಾವು ಸಂಘ ಕಟ್ಟಿಕೊಂಡದ್ದೇ ಅದಕ್ಕಾಗಿ. ಕುಚ್ಚು ಹೆಣೆಯುವವರೂ ಐದಾರು ಮನೆಯವರು ಸೇರಿ, ಪ್ರತಿ ಸೀರೆಗೆ ಹಿಡಿದ ಗಂಟೆ, ದಾರ-ಮಣಿಯ ಖರ್ಚು ಬರೆದಿಟ್ಟು, ದರವನ್ನು ತಾವೇ ಹೇಳಲಿ. ಬಂದ ಹಣ ಹೆಣೆದವಳ ಹೆಸರಿನ ಖಾತೆಗೇ ಸೇರಲಿ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.