ಹೊಲಿಗೆ ಬಿಡುವ ಜಾಗ

ಹಂಪಿಯ ಮಾತಂಗ ಬೆಟ್ಟದ ನೆತ್ತಿಯ ಮೇಲೆ ಬೆಳಗಿನ ಹೊತ್ತು ಕ್ಯಾಮೆರಾ ಹಿಡಿದು ನಿಂತವರಿಗೆಲ್ಲ ಎದುರಾಗುವ ಪೇಚು ಒಂದೇ. ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ, ಉತ್ತರಕ್ಕೆ ತುಂಗಭದ್ರೆ, ಬೆಟ್ಟದ ಬುಡದಲ್ಲಿ ಅಚ್ಯುತರಾಯನ ಗುಡಿ, ಪೂರ್ವಕ್ಕೆ ಆಗತಾನೆ ಮೇಲೇರುತ್ತಿರುವ ಸೂರ್ಯ. ಇಷ್ಟನ್ನೂ ಒಂದೇ ಫ್ರೇಮಿಗೆ ತುಂಬಬೇಕೆಂದು ವೈಡ್ ಲೆನ್ಸ್ ಹಾಕಿದರೆ ಗೋಪುರ ಕಡ್ಡಿಯಷ್ಟಾಗಿಬಿಡುತ್ತದೆ. ಗೋಪುರ ದೊಡ್ಡದಾಗಿ ಬೇಕೆಂದರೆ ಹೊಳೆ ಕೈಬಿಟ್ಟುಹೋಗುತ್ತದೆ. ಹಾಗಾಗಿ ಮಾಮೂಲಿ ಲೆನ್ಸನ್ನೇ ಇಟ್ಟುಕೊಂಡು, ಕ್ಯಾಮೆರಾವನ್ನು ತುಸುತುಸುವೇ ತಿರುಗಿಸುತ್ತ ಸಾಲಾಗಿ ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಅವನ್ನು ಹೊಲಿದುಕೊಳ್ಳುವುದು ವಾಡಿಕೆ.

ಲೆಕ್ಕ ಸರಳ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ ನಿಲುವಾಗಿ ಹಿಡಿದರೆ ಒಂದು ಫ್ರೇಮಿಗೆ ಸುಮಾರು 27 ಡಿಗ್ರಿ ಅಗಲದ ನೋಟ ಸಿಗುತ್ತದೆ. ಪ್ರತಿ ಫ್ರೇಮಿನ ಮೂರನೇ ಒಂದು ಭಾಗದಷ್ಟು ಪಕ್ಕದ ಫ್ರೇಮಿನಲ್ಲೂ ಬರುವಂತೆ ತಿರುಗಿಸುತ್ತ ಹೋದರೆ ಅರ್ಧ ದಿಗಂತಕ್ಕೆ ಹತ್ತು ಫ್ರೇಮು ಸಾಕು. ಹೊಲಿದ ಚಿತ್ರದಲ್ಲಿ 15 ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳಿರುತ್ತವೆ. ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಿದರೂ ಗೋಪುರದ ಅಂತಸ್ತುಗಳನ್ನು ಎಣಿಸಬಹುದು.

ಈ ಹೊಲಿಗೆ ಎರಡು ಕಡೆ ಬಿಟ್ಟುಕೊಳ್ಳುತ್ತದೆ. ಒಂದು ಜಾಗದಲ್ಲಿ, ಇನ್ನೊಂದು ಹೊತ್ತಿನಲ್ಲಿ. ಮೊದಲನೆಯದನ್ನು ಗಣಿತ ಹೆಚ್ಚುಕಡಿಮೆ ಗೆದ್ದಿದೆ. ಎರಡನೆಯದು ಈಗಲೂ ಬೆಟ್ಟದ ಮೇಲೆ ನಿಂತವರ ಜವಾಬ್ದಾರಿ.

ಜಾಗದ ತೊಡಕು ಏನೆಂದು ತಿಳಿಯಲು ಕ್ಯಾಮೆರಾ ಬೇಕಾಗಿಲ್ಲ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದೆದುರು ಅಲುಗದಂತೆ ಹಿಡಿದು ತಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಸರಿದಾಡಿದಂತೆ ಕಾಣುತ್ತದೆ. ತಲೆ ತಿರುಗುವುದು ಕತ್ತಿನ ಮೇಲೆ, ಕಣ್ಣಿರುವುದು ಅದಕ್ಕಿಂತ ಮುಂದೆ; ತಲೆ ತಿರುಗಿದಂತೆಲ್ಲ ಕಣ್ಣು ಜಾಗವನ್ನೂ ಬದಲಿಸುತ್ತದೆ. ಇದೇ ಪ್ಯಾರಲಾಕ್ಸ್. ಟ್ರೈಪಾಡಿನ ತಿರುಪು ಕೂರುವುದು ಕ್ಯಾಮೆರಾದ ಹೊಟ್ಟೆಯ ಕೆಳಗೆ. ಆದರೆ ಕ್ಯಾಮೆರಾದ ‘ಕಣ್ಣು’ ಇರುವುದು ಲೆನ್ಸಿನೊಳಗೆ: ಮುಂದಿನಿಂದ ಇಣುಕಿದಾಗ ಅಪರ್ಚರಿನ ರಂಧ್ರ ಎಲ್ಲಿದ್ದಂತೆ ತೋರುತ್ತದೋ ಅಲ್ಲಿ. ಫೋಟೊಗ್ರಾಫರುಗಳು ಇದನ್ನು ನೋಡಲ್ ಪಾಯಿಂಟ್ ಎನ್ನುವುದು ರೂಢಿ.

ಈ ಬಿಂದು ತಿರುಗುವ ಅಕ್ಷಕ್ಕಿಂತ 8 ಸೆಂಟಿಮೀಟರ್ ಮುಂದಿದೆ ಎಂದುಕೊಳ್ಳೋಣ. ಕ್ಯಾಮೆರಾವನ್ನು 20 ಡಿಗ್ರಿ ತಿರುಗಿಸಿದರೆ ಅದು ಸುಮಾರು 2.8 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎರಡು ಮೀಟರ್ ದೂರದ ಬಂಡೆ ಆಗ ಹಿನ್ನೆಲೆಗೆ ಹೋಲಿಸಿದರೆ ನೂರಕ್ಕೂ ಹೆಚ್ಚು ಪಿಕ್ಸೆಲ್‌ನಷ್ಟು ಕದಲುತ್ತದೆ. ಒಂದು ಕಿಲೋಮೀಟರ್ ಆಚೆಯ ಗುಡ್ಡ ಕಾಲು ಪಿಕ್ಸೆಲ್ ಕೂಡ ಕದಲುವುದಿಲ್ಲ. ಹತ್ತಿರದಲ್ಲಿ ಏನೂ ಇಲ್ಲದ ದೂರದ ನೋಟವನ್ನು ಬರಿಗೈಯಲ್ಲಿ ಹಿಡಿದು ತೆಗೆದರೂ ಹೊಲಿಗೆ ನಿಲ್ಲುವುದು ಇದಕ್ಕೇ. ಮಾತಂಗದಂಥ ಕಡೆ, ಕಾಲ ಬಳಿಯೇ ಬಂಡೆಗಳಿರುವಾಗ, ಕ್ಯಾಮೆರಾವನ್ನು ಹಿಂದೆ ಸರಿಸಿ ಲೆನ್ಸಿನ ಕಣ್ಣನ್ನೇ ಅಕ್ಷದ ಮೇಲೆ ಕೂರಿಸುವ ಪನೋರಮಾ ಹೆಡ್ ಬೇಕಾಗುತ್ತದೆ. ಅದನ್ನು ಹೊಂದಿಸುವ ಬಗೆಯೂ ಹೆಬ್ಬೆರಳಿನ ಪ್ರಯೋಗವೇ. ಹತ್ತಿರ ಒಂದು ಕೋಲು, ಅದರ ನೇರಕ್ಕೆ ದೂರದಲ್ಲೊಂದು ಕಂಬ. ಕ್ಯಾಮೆರಾ ತಿರುಗಿಸಿದಾಗ ಕೋಲು ಕಂಬವನ್ನು ಬಿಟ್ಟು ಸರಿದರೆ ಹೆಡ್ಡಿನ ಜಾರುಪಟ್ಟಿಯ ಮೇಲೆ ಕ್ಯಾಮೆರಾವನ್ನು ಚೂರು ಹಿಂದೆ ಮುಂದೆ ಮಾಡಬೇಕು. ಫ್ರೇಮಿನ ಈ ಅಂಚಿನಿಂದ ಆ ಅಂಚಿನವರೆಗೂ ಎರಡೂ ಒಂದೇ ಗೆರೆಯಲ್ಲಿ ನಿಂತರೆ ಹೊಂದಿಸಿದ್ದು ಸರಿ.

ಇನ್ನು ಕಂಪ್ಯೂಟರು. ಎರಡು ಫೋಟೊಗಳಲ್ಲಿರುವ ಬಂಡೆ ಒಂದೇ ಎಂದು ಅದಕ್ಕೆ ತಿಳಿಯುವುದು ಹೇಗೆ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಲೋ 1999ರಲ್ಲಿ ಪ್ರಕಟಿಸಿದ ಸಿಫ್ಟ್ ವಿಧಾನ ಇದಕ್ಕೊಂದು ಗಟ್ಟಿ ಉತ್ತರ. ಬಂಡೆಯ ಮೂಲೆ, ಬಿರುಕು, ಕಲೆಯಂಥ ಎದ್ದುಕಾಣುವ ಚುಕ್ಕೆಗಳನ್ನು ಅದು ಚಿತ್ರದಿಂದ ಸಾವಿರಗಟ್ಟಲೆ ಹೆಕ್ಕುತ್ತದೆ. ಚುಕ್ಕೆಯ ಸುತ್ತ ಬೆಳಕು ಯಾವ ದಿಕ್ಕಿಗೆ ಏರುತ್ತದೆ, ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದನ್ನು 128 ಸಂಖ್ಯೆಗಳಲ್ಲಿ ಬರೆದಿಡುತ್ತದೆ. ಫೋಟೊ ತುಸು ವಾಲಿದ್ದರೂ, ದೊಡ್ಡದು ಚಿಕ್ಕದಾಗಿದ್ದರೂ ಈ ಸಂಖ್ಯೆಗಳು ಹೆಚ್ಚು ಬದಲಾಗವು. ಪಕ್ಕದ ಫೋಟೊದಲ್ಲಿ ಇದಕ್ಕೆ ತೀರ ಹತ್ತಿರದ 128 ಸಂಖ್ಯೆಗಳಿರುವ ಚುಕ್ಕೆ ಸಿಕ್ಕರೆ ಒಂದು ಜೋಡಿಯಾಯಿತು.

ಆದರೆ ಹಂಪಿಯಲ್ಲಿ ಬಂಡೆಗೆ ಬಂಡೆ ಹೋಲುತ್ತದೆ, ಮಂಟಪದ ಕಂಬಕ್ಕೆ ಕಂಬ ಹೋಲುತ್ತದೆ. ತಪ್ಪು ಜೋಡಿಗಳು ನೂರಾರು. ಅವನ್ನು ಜಾಲಿಸಲು ಬಳಸುವ ರ‍್ಯಾನ್‌ಸ್ಯಾಕ್ ವಿಧಾನವನ್ನು ಫಿಶ್ಲರ್ ಮತ್ತು ಬೋಲ್ಸ್ 1981ರಲ್ಲೇ ಪ್ರಕಟಿಸಿದ್ದರು. ಅದರ ನಡೆ ಊರ ಪಂಚಾಯಿತಿಯಂಥದ್ದು. ಗುಂಪಿನಿಂದ ಯಾವುದೋ ನಾಲ್ಕು ಜೋಡಿಗಳನ್ನು ಕರೆದು, ‘ನಿಮ್ಮ ಪ್ರಕಾರ ಒಂದು ಫೋಟೊ ಇನ್ನೊಂದರ ಮೇಲೆ ಹೇಗೆ ಕೂರಬೇಕು?’ ಎಂದು ಕೇಳುತ್ತದೆ. ಅವು ಹೇಳಿದ್ದಕ್ಕೆ ಉಳಿದ ಎಷ್ಟು ಜೋಡಿಗಳು ಕೈಯೆತ್ತುತ್ತವೆ ಎಂದು ಎಣಿಸುತ್ತದೆ. ಮತ್ತೆ ಬೇರೆ ನಾಲ್ಕು, ಮತ್ತೆ ಎಣಿಕೆ. ಅತಿ ಹೆಚ್ಚು ಒಪ್ಪಿಗೆ ಬಿದ್ದ ತೀರ್ಮಾನ ನಿಲ್ಲುತ್ತದೆ, ಒಪ್ಪದ ಜೋಡಿಗಳು ಹೊರಬೀಳುತ್ತವೆ. ನಾಲ್ಕೇ ಏಕೆಂದರೆ, ಇಲ್ಲಿ ಕಂಡುಹಿಡಿಯಬೇಕಾದ ಅಜ್ಞಾತಗಳು ಎಂಟು. ಒಂದೊಂದು ಜೋಡಿ ಎರಡೆರಡು ಸಮೀಕರಣ ಕೊಡುತ್ತದೆ. ಮ್ಯಾಥ್ಯೂ ಬ್ರೌನ್ ಮತ್ತು ಲೋ 2003ರಲ್ಲಿ ಇವೆರಡನ್ನೂ ಸೇರಿಸಿ, ಕಲಸಿಹೋದ ಫೋಟೊಗಳ ರಾಶಿಯಿಂದ ಪನೋರಮಾಗಳನ್ನು ತಾನಾಗಿಯೇ ಹುಡುಕಿ ಹೊಲಿಯುವ ವಿಧಾನ ತೋರಿಸಿದರು. ಇಷ್ಟಾದರೂ ಬರಿಯ ಆಕಾಶದ ಫ್ರೇಮು ಯಾವುದಕ್ಕೂ ಅಂಟಿಕೊಳ್ಳದು. ಅದರಲ್ಲಿ ಹೆಕ್ಕಲು ಚುಕ್ಕೆಯೇ ಇರುವುದಿಲ್ಲ.

ಜೋಡಿಸಿದ ಮೇಲೂ ಸೀಳುಗೆರೆ ಉಳಿಯುತ್ತದೆ, ಏಕೆಂದರೆ ಲೆನ್ಸುಗಳು ಅಂಚಿನಲ್ಲಿ ತುಸು ಕಪ್ಪಾಗಿಸುತ್ತವೆ. ಇದನ್ನು ಅಳಿಸುವ ಉಪಾಯವನ್ನು ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಏಡೆಲ್ಸನ್ 1983ರಲ್ಲಿ ಕೊಟ್ಟರು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಇದೇ. ಚಿತ್ರವನ್ನು ಒರಟು ಛಾಯೆ, ಸೂಕ್ಷ್ಮ ವಿವರ ಎಂದು ಪದರ ಪದರವಾಗಿ ಬಿಡಿಸಿ, ಆಕಾಶದ ನೀಲಿಯಂಥ ಒರಟು ಛಾಯೆಯನ್ನು ಅಗಲವಾದ ಪಟ್ಟಿಯಲ್ಲಿ ನಿಧಾನವಾಗಿ ಬೆರೆಸುತ್ತಾರೆ. ಹುಲ್ಲಿನೆಸಳಿನಂಥ ವಿವರವನ್ನು ತೀರ ಕಿರಿದಾದ ಪಟ್ಟಿಯಲ್ಲಿ ಥಟ್ಟನೆ ಬದಲಿಸುತ್ತಾರೆ. ಬಣ್ಣ ಒಡೆಯುವುದಿಲ್ಲ, ವಿವರ ಮಸುಕಾಗುವುದಿಲ್ಲ.

ಇಷ್ಟೆಲ್ಲ ಗೆದ್ದರೂ ಹೊತ್ತು ಉಳಿಯುತ್ತದೆ. ಸೂರ್ಯ ದಿಗಂತದಿಂದ 2 ಡಿಗ್ರಿ ಮೇಲಿದ್ದಾಗ ಕಂಬದ ನೆರಳು ಅದರ ಎತ್ತರದ 28 ಪಟ್ಟಿಗೂ ಹೆಚ್ಚು ಉದ್ದವಿರುತ್ತದೆ. 5 ಡಿಗ್ರಿಗೆ ಬರುವಷ್ಟರಲ್ಲಿ 11 ಪಟ್ಟಿಗೆ ಇಳಿದಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಇದಕ್ಕೆ ಕಾಲು ಗಂಟೆಯೂ ಬೇಡ. 50 ಎಂಎಂನ ಹತ್ತು ಫ್ರೇಮು ಒಂದು ನಿಮಿಷದ ಕೆಲಸ. ಅದೇ ನೋಟವನ್ನು 200 ಎಂಎಂ ಲೆನ್ಸಿನಲ್ಲಿ ಆರು ಸಾಲಾಗಿ ತೆಗೆಯ ಹೊರಟರೆ ಸುಮಾರು 220 ಫ್ರೇಮು; ಒಂದೊಂದಕ್ಕೆ ನಾಲ್ಕು ಸೆಕೆಂಡು ಹಿಡಿದರೂ ಕಾಲು ಗಂಟೆ. ಮೊದಲ ಸಾಲಿನ ನೆರಳಿಗೂ ಕೊನೆಯ ಸಾಲಿನ ನೆರಳಿಗೂ ತಾಳೆಯಾಗದು. ಪಿಕ್ಸೆಲ್ ಹೆಚ್ಚಿದಷ್ಟೂ ತೆರಬೇಕಾದ ಬೆಲೆ ಇದು.

ಇದು ಹಳೆಯ ಕಷ್ಟ. ಓಡುವ ಕುದುರೆಯ ಚಿತ್ರಸರಣಿಗೆ ಹೆಸರಾದ ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಗುಡ್ಡದ ಮೇಲಿನ ಬಂಗಲೆಯೊಂದರಿಂದ 13 ಗಾಜಿನ ಫಲಕಗಳಲ್ಲಿ ಹಿಡಿದ. ಸಾಲಾಗಿಟ್ಟರೆ 17 ಅಡಿಗೂ ಉದ್ದ. ಪ್ರತಿ ಫಲಕಕ್ಕೂ ಸ್ಥಳದಲ್ಲೇ ರಾಸಾಯನಿಕ ಬಳಿದು, ಅದು ಒಣಗುವ ಮುಂಚೆ ಫೋಟೊ ತೆಗೆದು, ಒಡನೆ ಸಂಸ್ಕರಿಸಬೇಕಿತ್ತು. ಒಂದು ಫಲಕದಲ್ಲಿ ನೆರಳು ಅಕ್ಕಪಕ್ಕದವುಗಳ ಜೊತೆ ಹೊಂದುವುದಿಲ್ಲ. ಅದನ್ನು ತಡವಾಗಿ ತೆಗೆದು ಸೇರಿಸಿದ್ದೆಂದು ನೆರಳೇ ಹೇಳುತ್ತದೆ.

ಮಂಗಳದಲ್ಲೂ ಇದೇ ಕಥೆ. 2019ರ ನವೆಂಬರ್ ಕೊನೆಯಲ್ಲಿ ನಾಸಾ ತಂಡ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿದ್ದಾಗ ಕ್ಯೂರಿಯಾಸಿಟಿ ರೋವರ್ ನಿಂತಲ್ಲೇ ನಿಂತು ಸಾವಿರಕ್ಕೂ ಹೆಚ್ಚು ಫೋಟೊ ತೆಗೆಯಿತು. ಹೊಲಿದಾಗ ಬಂದದ್ದು 180 ಕೋಟಿ ಪಿಕ್ಸೆಲ್‌ನ ಚಿತ್ರ. ಆರೂವರೆ ಗಂಟೆಗೂ ಮೀರಿದ ಆ ಕೆಲಸವನ್ನು ನಾಲ್ಕು ದಿನಗಳಿಗೆ ಹಂಚಿದ್ದರು, ಅದೂ ಮಂಗಳದ ಮಧ್ಯಾಹ್ನ 12ರಿಂದ 2ರ ನಡುವೆ ಮಾತ್ರ. ಎಲ್ಲ ಫ್ರೇಮುಗಳಲ್ಲೂ ಬಿಸಿಲು ಒಂದೇ ಬಗೆಯಲ್ಲಿರಲಿ ಎಂದೇ ಈ ಕಟ್ಟುಪಾಡು.

ಭೂಮಿಯ ಫೋಟೊಗ್ರಾಫರಿಗೆ ಮಧ್ಯಾಹ್ನದ ಬಿಸಿಲು ಸಪ್ಪೆ. ಅವರಿಗೆ ಬೇಕಾದದ್ದು ಬೆಳಗಿನ ಓರೆ ಬೆಳಕು. ಅಂಥ ಬೆಳಕಿನಲ್ಲಿ ನನ್ನ ಆಯ್ಕೆ ಮೊದಲು ಚಿಕ್ಕ ಪನೋರಮಾ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನ್ಯುಯಲ್‌ಗೆ ಕಟ್ಟಿಹಾಕಿ, ಪೋಲರೈಸರ್ ಬಿಚ್ಚಿಟ್ಟು (ಅದು ಸೂರ್ಯನಿಂದ 90 ಡಿಗ್ರಿ ಆಚೆಯ ಆಕಾಶವನ್ನು ಮಾತ್ರ ಕಪ್ಪಾಗಿಸಿ ಚಿತ್ರದ ನಡುವೆ ಪಟ್ಟೆ ಎಳೆಯುತ್ತದೆ), ಬೇಗ ಬಣ್ಣ ಬದಲಿಸುವ ಸೂರ್ಯನ ಕಡೆಯಿಂದ ಶುರುಮಾಡಿ ಹತ್ತು ಫ್ರೇಮನ್ನು ಒಂದೇ ಉಸಿರಿಗೆ ಮುಗಿಸಬೇಕು. ಎರಡು ಫ್ರೇಮು ಕೂಡುವ ಕಡೆ ಯಾರಾದರೂ ನಡೆದುಹೋಗುತ್ತಿದ್ದರೆ ತಿರುಗಿಸುವ ಮುಂಚೆ ಅದೇ ಫ್ರೇಮನ್ನು ಇನ್ನೊಮ್ಮೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಹೊಲಿದ ಚಿತ್ರದಲ್ಲಿ ಆ ಮನುಷ್ಯ ಎರಡು ಸಲ ಬರುತ್ತಾನೆ, ಇಲ್ಲವೇ ಅರ್ಧ ಮಾತ್ರ ಉಳಿಯುತ್ತಾನೆ. ಸೂರ್ಯ ಮೇಲೇರಿ ನೆರಳಿನ ಓಟ ನಿಧಾನವಾದ ಮೇಲೆ 200 ಎಂಎಂ ಲೆನ್ಸ್ ಹೊರತೆಗೆಯಬಹುದು.